ಆರ್ಡಿಸ್ ಬಗ್ಗೆ ನಮ್ಮದೇನೂ ತಕರಾರಿಲ್ಲ

ನಮ್ಮೂರಿನಲ್ಲಿ ಯಾರನ್ನೂ ಎದುರಿಗೆ ಹೊಗಳುವುದಿಲ್ಲ. ಬೆನ್ನ ಹಿಂದೆಯೂ ಅಷ್ಟಾಗಿ ಇಲ್ಲ. ಅಡುಗೆ ತುಂಬಾ ಹಿಡಿಸಿದರೆ ‘ತಿನ್ನಬಹುದು’ ಎನ್ನುತ್ತೇವೆ. ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಬೆಳೆ ಹಿಂದೆಂದೂ ಕಾಣದಷ್ಟು ಬಂದ ವರ್ಷ ನನ್ನ ಭಾವ ಹೊಲದ ಅಂಚಿನಲ್ಲಿ ನಿಂತು, ‘ಈ ಸಲ ಅಷ್ಟೇನೂ ಕೆಟ್ಟಿಲ್ಲ’ ಎಂದು ಟೋಪಿ ಸರಿಪಡಿಸಿಕೊಂಡಿದ್ದ. ಪಾದ್ರಿ ಎಲ್‌ರಾಯ್ ಒಮ್ಮೆ ಗುಡ್ ಫ್ರೈಡೆಯ ದಿನ ಇಡೀ ಚರ್ಚು ಕಣ್ಣೀರಿಡುವ ಹಾಗೆ ಪ್ರವಚನ ಮಾಡಿದರು. ಬಾಗಿಲಲ್ಲಿ ಕೈಕುಲುಕುವಾಗ ಒಬ್ಬೊಬ್ಬರೂ ಅವರಿಗೆ ಹೇಳಿದ್ದು, ‘ಹೊತ್ತಿಗೆ ಸರಿಯಾಗಿ ಮುಗಿಸಿದ್ರಿ.’

ಇದು ಹೊಟ್ಟೆಕಿಚ್ಚಲ್ಲ. ಒಬ್ಬರನ್ನು ಎತ್ತಿ ಮೇಲೆ ಕೂರಿಸಿದರೆ ಪಕ್ಕದಲ್ಲಿರುವವರನ್ನು ಕೆಳಗೆ ಕೂರಿಸಿದ ಹಾಗಾಗುತ್ತದೆ ಎಂಬ ಅಂಜಿಕೆ. ನಮ್ಮ ಅಜ್ಜಂದಿರು ನಾರ್ವೆಯಿಂದ ಅಮೆರಿಕದ ಈ ಮಿನೆಸೋಟದ ಬಯಲಿಗೆ ಬರುವಾಗ ಪೆಟ್ಟಿಗೆಯಲ್ಲಿ ಬೈಬಲ್ಲು, ಉಣ್ಣೆಯ ಬಟ್ಟೆ ತಂದ ಹಾಗೆಯೇ ಇದನ್ನೂ ತಂದರು. ನನಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಆರ್ಡಿಸ್ ಕ್ವಾಮ್ಮೆಯ ವಿಷಯ ಬರುವವರೆಗೆ.

ಆರ್ಡಿಸ್ ನಮ್ಮೂರ ವೃದ್ಧಾಶ್ರಮದ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಎತ್ತರದ ಹೆಂಗಸು, ದೊಡ್ಡ ಕೈಗಳು, ಬಾಗಿಲು ದಾಟುವಾಗ ತಲೆ ತಗ್ಗಿಸುವ ಅಭ್ಯಾಸ. ಗಂಡ ವರ್ನ್ ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯವನು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋದ ಮೇಲೆ ಅವಳು ಸಂಜೆ ಕಾಲೇಜಿಗೆ ಸೇರಿದಳು. ಮಂಗಳವಾರ ಸಂಜೆ ಹೈಸ್ಕೂಲಿನ ಒಂದು ಕೋಣೆಯಲ್ಲಿ ಇಂಗ್ಲಿಷ್ ಸಾಹಿತ್ಯದ ತರಗತಿ ನಡೆಯುತ್ತಿತ್ತು. ಬೀಟ್ ಲಾರಿ ಓಡಿಸುವವರು, ಬ್ಯಾಂಕಿನ ಗುಮಾಸ್ತೆಯರು, ಗಂಡ ಸತ್ತ ಮೇಲೆ ಮನೆಯಲ್ಲಿ ಕೂರಲಾರದವರು ಅಲ್ಲಿಗೆ ಬರುತ್ತಿದ್ದರು. ಪಾಠ ಹೇಳುತ್ತಿದ್ದವನು ನನ್ನ ಅಣ್ಣ ಆರ್ವಿಲ್ ಸ್ಟೆನರುಡ್. ಅವನು ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅವನ ಮನೆಗೆ ಬಂದೆ. ಅವನ ಪುಸ್ತಕಗಳ ಧೂಳು ಹೊಡೆಯುತ್ತಾ ಒಂದೊಂದನ್ನೇ ಬಿಡಿಸಿ ಓದಿದ್ದಷ್ಟೇ ನನ್ನ ವಿದ್ಯೆ.

ಆರ್ಡಿಸ್ ವರ್ಷಗಟ್ಟಲೆ ಹೀಗೆ ಸಂಜೆ, ಬೇಸಿಗೆ ರಜೆ, ಅಂಚೆ ಪಾಠ ಎಲ್ಲ ಸೇರಿಸಿ ಪದವಿ ಮುಗಿಸಿದಳು. ಮುಗಿದ ಮೇಲೂ ಮಂಗಳವಾರ ತಪ್ಪಿಸಲಿಲ್ಲ.

ಆ ಶರತ್ಕಾಲದಲ್ಲಿ ಅಣ್ಣನ ಸೊಂಟದ ನೋವು ಹೆಚ್ಚಾಯಿತು. ಮುಂದಿನ ಎರಡು ವರ್ಷ ಹೇಗೋ ಎಳೆಯುತ್ತೇನೆ, ಆಮೇಲೆ ಆಗುವುದಿಲ್ಲ ಎಂದು ಕಾಲೇಜಿಗೆ ತಿಳಿಸಿದ. ಅವರು ಹೇಳಿದ್ದು ಇಷ್ಟು: ಪಾಠ ಹೇಳುವವರಿಗೆ ಇಂಗ್ಲಿಷಿನಲ್ಲಿ ಎಂ.ಎ. ಇರಬೇಕು, ಊರಲ್ಲಿ ಅಂಥವರು ಇಲ್ಲದಿದ್ದರೆ ತರಗತಿ ಮುಚ್ಚುತ್ತದೆ. ಅಣ್ಣ ಇದನ್ನು ಒಂದು ಮಂಗಳವಾರ ತರಗತಿಗೆ ಹೇಳಿ, ಪುಸ್ತಕ ಮುಚ್ಚಿ, ಮುಂದಿನ ವಾರದ ಪಾಠ ಯಾವುದೆಂದು ಹಲಗೆಯ ಮೇಲೆ ಬರೆದ.

ಆ ಶನಿವಾರ ಆರ್ಡಿಸ್ ನಮ್ಮ ಅಡುಗೆಮನೆಗೆ ಬಂದಳು. ಕೋಟು ಬಿಚ್ಚಲಿಲ್ಲ.

“ಯಾರಾದ್ರೂ ಎಂ.ಎ. ಮಾಡ್ಬೇಕಲ್ಲ ಅಕ್ಕಾ,” ಎಂದಳು.

“ಮಾಡ್ಬೇಕು,” ಎಂದೆ.

“ಯಾರೂ ಕಾಣಿಸ್ತಿಲ್ಲ.”

“ಇಲ್ಲ.”

“ನಾನೇ ಅರ್ಜಿ ಹಾಕಿದ್ರೆ ಜನ ನಗ್ತಾರೇನೋ.”

“ನಕ್ಕರೆ ನಕ್ಕೊಳ್ಳಲಿ. ಕೋಟು ಬಿಚ್ಚು, ಕಾಫಿ ಆರ್ತಾ ಇದೆ.”

ಹೀಗೆ ಅವಳು ವಿಶ್ವವಿದ್ಯಾಲಯದಿಂದ ಅರ್ಜಿ ತರಿಸಿದಳು. ಅದು ಒಂದೂವರೆ ಗಂಟೆ ದಾರಿಯ ನಗರದಲ್ಲಿತ್ತು. ವಾರಕ್ಕೆ ಎರಡು ದಿನ ಹೋಗಿ ಬಂದರೆ ಸಾಕು, ವೃದ್ಧಾಶ್ರಮದವರು ಪಾಳಿ ಬದಲಿಸಿಕೊಡಲು ಒಪ್ಪಿದ್ದರು. ಬೇಕಾದದ್ದು ಮಾತ್ರ ಬಹಳ ಇತ್ತು. ಪದವಿಯ ಅಂಕಪಟ್ಟಿ. ಪ್ರವೇಶ ಪರೀಕ್ಷೆ. ಇನ್ನೊಂದು ಭಾಷೆಯನ್ನು ಓದಲು ಬರುತ್ತದೆಂಬ ರುಜುವಾತು. ಸ್ವಂತ ಪ್ರಬಂಧ ಒಂದು. ತಾನು ಯಾಕೆ ಓದಬೇಕೆಂದಿದ್ದೇನೆ ಎಂಬ ಬರಹ. ತನ್ನನ್ನು ಬಲ್ಲವರು ಮೂವರಿಂದ ಶಿಫಾರಸು ಪತ್ರ.

ಪರೀಕ್ಷೆಗೆ ಅವಳು ಹಿಮಗಾಳಿಯಲ್ಲಿ ವರ್ನ್‌ನ ಪಿಕಪ್ ಓಡಿಸಿಕೊಂಡು ಹೋಗಿ ಬಂದಳು. ಹೇಗಾಯಿತು ಎಂದರೆ, “ಪೆನ್ಸಿಲ್ ಚೆನ್ನಾಗಿತ್ತು,” ಎಂದಳು. ಇನ್ನೊಂದು ಭಾಷೆಗೆ ಅವಳ ಅಜ್ಜಿಯ ನಾರ್ವೇಜಿಯನ್ ಬೈಬಲ್ಲು ನೆರವಾಯಿತು. ಚಿಕ್ಕಂದಿನಿಂದ ಅದನ್ನು ಓದಿಕೊಂಡು ಬೆಳೆದವಳಿಗೆ ವಿಶ್ವವಿದ್ಯಾಲಯದವರು ಓದಲು ಕೊಟ್ಟ ಎರಡು ಪುಟ ಕಷ್ಟವಾಗಲಿಲ್ಲ. ನಾವು ಬಾಲ್ಯದಲ್ಲಿ ಮನಸ್ಸಿಲ್ಲದೆ ಕಲಿತದ್ದನ್ನೂ ದೇವರು ವ್ಯರ್ಥವಾಗಲು ಬಿಡುವುದಿಲ್ಲ ಎಂದು ಆ ದಿನ ಅಂದುಕೊಂಡೆ.

ತೊಂದರೆ ಆದದ್ದು ತನ್ನ ಬಗ್ಗೆ ತಾನೇ ಬರೆಯುವಾಗ. ನಮ್ಮ ಮೇಜಿನ ಮುಂದೆ ಕುಳಿತು ನಾಲ್ಕಾರು ಹಾಳೆ ಹರಿದು, ಕೊನೆಗೊಂದನ್ನು ನನಗೆ ಓದಿ ಹೇಳಿದಳು. ಊರಿನ ತರಗತಿ ಮುಚ್ಚಬಾರದೆಂದು ಬರೆದಿದ್ದಳು, ಅದು ಸರಿಯಿತ್ತು. ಕೊನೆಯ ಸಾಲು ಹೀಗಿತ್ತು: ‘ನನಗಿಂತ ಯೋಗ್ಯರು ಬಂದಿದ್ದರೆ ದಯವಿಟ್ಟು ಅವರಿಗೇ ಸ್ಥಳ ಕೊಡಿ, ನನಗೆ ಬೇಸರವಿಲ್ಲ.’

“ಹೇಗಿದೆ ಅಕ್ಕಾ?”

“ಅಕ್ಷರ ದುಂಡಗಿದೆ,” ಎಂದೆ. ನನಗೆ ಆ ಸಾಲು ಸಭ್ಯವಾಗಿಯೇ ಕಂಡಿತು. ನಾನಾಗಿದ್ದರೂ ಹಾಗೆಯೇ ಬರೆಯುತ್ತಿದ್ದೆ.

ಶಿಫಾರಸಿಗೆ ಮೂವರು: ಅಣ್ಣ, ವೃದ್ಧಾಶ್ರಮ ನೋಡಿಕೊಳ್ಳುವ ಡೆಲೋರಿಸ್, ಪಾದ್ರಿ ಎಲ್‌ರಾಯ್. ಬರೆದವರು ಲಕೋಟೆಯನ್ನು ತಾವೇ ಅಂಟಿಸಿ ಕಳಿಸಬೇಕು. ಅದನ್ನು ಮುಂದೆಂದೂ ನೋಡಲು ಕೇಳುವುದಿಲ್ಲ ಎಂದು ಅರ್ಜಿ ಹಾಕಿದವಳು ಸಹಿ ಮಾಡಬಹುದು. ಆರ್ಡಿಸ್ ಸಹಿ ಮಾಡಿದಳು. ಈಗ ಈ ಕಥೆಯನ್ನು ಬರೆಯಲು ಅವಳ ಒಪ್ಪಿಗೆ ಕೇಳಿದಾಗಲೂ, “ಬರೀರಿ ಅಕ್ಕಾ. ಪತ್ರದ ಸುದ್ದಿ ಬರೋ ಪುಟ ನಾನು ಓದದೆ ತಿರುವಿ ಹಾಕ್ತೀನಿ. ಸಹಿ ಹಾಕಿದೀನಲ್ಲ,” ಎಂದಳು. ಹಾಗೆಯೇ ಮಾಡುತ್ತಾಳೆಂದು ನನಗೆ ಗೊತ್ತು.

ಅಣ್ಣ ತನ್ನ ಪತ್ರವನ್ನು ಒಂದು ಭಾನುವಾರ ಮಧ್ಯಾಹ್ನ ಬರೆದ. ಅದರ ಜೊತೆ ಒಂದು ಹಾಳೆಯಿತ್ತು. ಈ ವಿದ್ಯಾರ್ಥಿನಿ ನೀವು ಕಂಡವರಲ್ಲಿ ಎಲ್ಲಿ ನಿಲ್ಲುತ್ತಾಳೆ: ಎಲ್ಲರಿಗಿಂತ ಮೇಲೆ, ಮೇಲಿನ ಕೆಲವರಲ್ಲಿ, ನಡುವೆ, ಕೆಳಗೆ. ಅಣ್ಣ ಪೆನ್ನು ಹಿಡಿದು ಬಹಳ ಹೊತ್ತು ಕಿಟಕಿಯಾಚೆ ನೋಡಿದ. ಆಮೇಲೆ ‘ನಡುವೆ’ ಎಂಬಲ್ಲಿ ಗುರುತು ಹಾಕಿದ.

“ನಡುವೆನಾ?” ಎಂದೆ.

“ಮೇಲೆ ಅಂತ ಹಾಕಿದ್ರೆ ಮಿಕ್ಕವರನ್ನ ಏನಂದ ಹಾಗಾಯ್ತು? ಆ ಲಾರಿ ಓಡಿಸೋ ಹುಡುಗ ಎಷ್ಟು ಕಷ್ಟಪಟ್ಟು ಓದ್ತಾನೆ.”

ಅದೂ ನಿಜ ಅನ್ನಿಸಿತು. ನಾನೇ ಅಂಚೆಗೆ ಹಾಕಿ ಬಂದೆ.

ಫೆಬ್ರವರಿಯ ಕೊನೆಯಲ್ಲಿ, ಮಧ್ಯಾಹ್ನದ ಊಟದ ತಟ್ಟೆ ತೆಗೆಯುತ್ತಿದ್ದಾಗ, ಅಡುಗೆಮನೆಯ ಗೋಡೆಯ ಫೋನು ಬಡಿದುಕೊಂಡಿತು. ಅಣ್ಣನ ಕಿವಿ ಅಷ್ಟು ಚುರುಕಿಲ್ಲ, ಅದಕ್ಕೆ ಫೋನಿನ ಸದ್ದು ಜೋರು ಮಾಡಿಸಿದ್ದೆವು. ಆ ಕಡೆಯ ಮಾತು ನನಗೂ ಕೇಳಿಸುತ್ತಿತ್ತು.

ಫೋನು ಮಾಡಿದವರು ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದಲ್ಲಿ ಪ್ರವೇಶ ನೋಡಿಕೊಳ್ಳುವ ಪ್ರಾಧ್ಯಾಪಕಿ, ರಾಸಲಿಂಡ್ ಪಿಂಕರ್ಡ್. ದೇಶದ ದಕ್ಷಿಣದ ರಾಜ್ಯದವರೆಂದು ಮಾತಿನ ಎಳೆತದಿಂದಲೇ ಗೊತ್ತಾಯಿತು. ಹವಾಮಾನ ಕೇಳಿದರು, ಅಣ್ಣನ ಆರೋಗ್ಯ ಕೇಳಿದರು, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

“ಸ್ಟೆನರುಡ್ ಅವರೇ, ಆರ್ಡಿಸ್ ಕ್ವಾಮ್ಮೆ ಬಗ್ಗೆ ಬರವಣಿಗೇಲಿ ಹೇಳೋಕೆ ಸಂಕೋಚ ಆಗೋ ವಿಷಯ ಏನಾದ್ರೂ ಇದ್ಯಾ?”

“ಏನೂ ಇಲ್ಲ.”

“ನಿಮ್ಮ ಪತ್ರ ನನ್ನ ಮುಂದಿದೆ. ‘ತರಗತಿಗೆ ಬರುತ್ತಿದ್ದಳು. ಕೆಲಸವನ್ನು ಸಮಯಕ್ಕೆ ಒಪ್ಪಿಸುತ್ತಿದ್ದಳು. ಇದಕ್ಕಿಂತ ಕಡೆಯವರನ್ನು ಕಂಡಿದ್ದೇನೆ.’ ಇಷ್ಟೇ ಇದೆ.”

“ಹೌದು, ಇಷ್ಟೇ.”

“ಇದು... ಹೊಗಳಿಕೆಯಾ?”

“ಮತ್ತಿನ್ನೇನು?”

ಆ ಕಡೆ ಹಾಳೆ ತಿರುವಿದ ಸದ್ದಾಯಿತು. “ನಿಮ್ಮ ಪಾದ್ರಿಗಳು, ‘ಆಕೆಯಿಂದ ಯಾರಿಗೂ ತೊಂದರೆಯಾಗಿಲ್ಲ’ ಅಂತ ಬರೆದಿದ್ದಾರೆ. ಕೆಲಸದ ಕಡೆಯವರು, ‘ಆರ್ಡಿಸ್ ಬಗ್ಗೆ ನಮ್ಮದೇನೂ ತಕರಾರಿಲ್ಲ’ ಅಂತ. ಆಕೆಯೇ, ಬೇರೆಯವರಿಗೆ ಸ್ಥಳ ಕೊಡಿ ಅಂತ ಬರ್ಕೊಂಡಿದ್ದಾರೆ. ನಾನು ಈ ಕೆಲಸ ಶುರು ಮಾಡಿದ ಮೇಲೆ ಇಂಥ ಅರ್ಜಿ ನೋಡಿಲ್ಲ.”

“ನಿಮಗೆ ಬೇರೆಯವರು ಸಿಕ್ಕಿದ್ರೆ ಅದು ನಿಮ್ಮ ಇಷ್ಟ,” ಎಂದ ಅಣ್ಣ. ಅವನ ಕಿವಿ ಕೆಂಪಾಗಿತ್ತು.

“ಕಷ್ಟ ಏನು ಗೊತ್ತಾ? ಆಕೆಯ ಪ್ರಬಂಧ. ಈ ವರ್ಷ ನಮಗೆ ಬಂದಿರೋದರಲ್ಲಿ ಅಷ್ಟು ಒಳ್ಳೇದು ಇನ್ನೊಂದಿಲ್ಲ. ನಾನು ಎರಡು ಸಲ ಓದಿದೆ. ಆಕೆಯನ್ನ ಬಲ್ಲವರೆಲ್ಲ ಆಕೆ ಸಾಧಾರಣ ಅಂತಾರೆ, ಪ್ರಬಂಧ ಸಾಧಾರಣ ಅಲ್ಲ. ಸಮಿತಿಯಲ್ಲಿ ಒಬ್ಬರು ಕೇಳ್ತಿದ್ದಾರೆ, ಇದನ್ನ ಬರೆದದ್ದು ಆಕೆಯೇನಾ ಅಂತ.”

ಅಣ್ಣ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತ.

“ಮುಂದಿನ ಶುಕ್ರವಾರ ನಾವು ತೀರ್ಮಾನ ಮಾಡ್ತೀವಿ. ಇನ್ನೊಂದು ಪತ್ರ ಬರೆದು ಕಳಿಸ್ತೀರಾ? ನಿಮ್ಮ ಮನಸ್ಸಲ್ಲಿ ಇರೋದನ್ನ ಬರೀರಿ. ಸ್ವಲ್ಪ... ಧಾರಾಳವಾಗಿ.”

“ನೋಡ್ತೀನಿ,” ಎಂದು ಫೋನಿಟ್ಟ.

ಆಮೇಲೆ ಅವನು ಕುರ್ಚಿಯಲ್ಲಿ ಕುಸಿದು ಕುಳಿತ. “ಕಳ್ಳಿ ಅಂತ ಅಂದ್ಕೊಂಡಿದಾರೆ ಬೋರ್ಗಿ,” ಎಂದ. ನನ್ನ ಹೆಸರು ಬೊರ್ಗಿಲ್ಡ್, ಅವನಿಗೆ ನಾನು ಯಾವತ್ತೂ ಬೋರ್ಗಿ. “ನಮ್ಮ ಆರ್ಡಿಸ್‌ನ. ಅದೂ ನನ್ನಿಂದ.”

“ಹಾಗಾದ್ರೆ ಬರಿ. ಅವಳು ತುಂಬಾ ಬುದ್ಧಿವಂತೆ ಅಂತ ಬರಿ.”

“ಬರೀತೀನಿ.”

ಮೂರು ದಿನ ಬರೆದ. ‘ಅಸಾಧಾರಣ’ ಎಂದು ಬರೆದು ಹೊಡೆದುಹಾಕಿದ. ‘ಪ್ರತಿಭಾವಂತೆ’ ಎಂದು ಬರೆದು, ಓದಿ, ಮುಖ ಹುಳ್ಳಗೆ ಮಾಡಿಕೊಂಡ. “ಅಂಗಡಿ ಜಾಹೀರಾತು ಓದಿದ ಹಾಗಿದೆ,” ಎಂದ. ಅವನು ಹೇಳಿದ್ದು ಸರಿ. ಆ ಮಾತುಗಳು ಅವನ ಬರಹದಲ್ಲಿ ಬೇರೆಯವರ ಅಂಗಿ ತೊಟ್ಟ ಹಾಗೆ ಕಾಣುತ್ತಿದ್ದವು. ಓದುವವರಿಗೂ ಅದು ಹಾಗೆಯೇ ಕಂಡೀತು. ಆರ್ಡಿಸ್‌ಗೆ ಏನೂ ಹೇಳುವ ಹಾಗಿರಲಿಲ್ಲ. ಆ ಮಂಗಳವಾರವೂ ಅವಳು ತರಗತಿಗೆ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಮುಗಿದ ಮೇಲೆ ಕುರ್ಚಿಗಳನ್ನು ಸರಿಮಾಡಿ ಹೋದಳಂತೆ. ಅಣ್ಣ ಅವಳ ಮುಖ ನೋಡಲಾರದೆ ಹಲಗೆ ಒರೆಸುತ್ತಲೇ ನಿಂತಿದ್ದನಂತೆ.

ನಾನು ಪ್ರಾರ್ಥನೆ ಮಾಡಿದೆ. ಸ್ವಾಮಿ, ನಮ್ಮ ಬಾಯಿ ಕಟ್ಟಿದೆ, ಅದರಿಂದ ಅವಳ ದಾರಿ ಕಟ್ಟದಿರಲಿ ಎಂದು ಕೇಳಿಕೊಂಡೆ. ಉತ್ತರ ಬಂದದ್ದು ಆ ಪ್ರಬಂಧದಿಂದಲೇ.

ಪ್ರಬಂಧದ ಒಂದು ಪ್ರತಿ ನಮ್ಮ ಮನೆಯಲ್ಲಿತ್ತು. ಅಣ್ಣ ಅದನ್ನು ಬುಧವಾರ ಬೆಳಿಗ್ಗೆ ತೆಗೆದು ಕಾಫಿಯ ಜೊತೆ ಓದುತ್ತಾ ಕುಳಿತ. ಹಳೆಯ ಲಾವಣಿಗಳಲ್ಲಿ ಕಾಯುವವರ ಬಗ್ಗೆ ಅವಳು ಬರೆದಿದ್ದಳು: ಕಡಲಿಗೆ ಹೋದವನಿಗಾಗಿ, ಯುದ್ಧಕ್ಕೆ ಹೋದವನಿಗಾಗಿ ಕಾಯುವ ಹೆಂಗಸರು. ಆ ಹಾಡುಗಳಲ್ಲಿ ಯಾರೂ ತಮಗೆ ಎಷ್ಟು ದುಃಖವಾಯಿತೆಂದು ಹೇಳಿಕೊಳ್ಳುವುದಿಲ್ಲ. ಕೂದಲು ಬಾಚಿಕೊಳ್ಳುತ್ತಾರೆ, ದೀಪದ ಬತ್ತಿ ಕತ್ತರಿಸುತ್ತಾರೆ, ಅಂಗಿ ಹೊಲಿಯುತ್ತಾರೆ. ಕೈ ಏನು ಮಾಡಿತು ಎಂಬುದನ್ನಷ್ಟೇ ಹಾಡು ಹೇಳುತ್ತದೆ, ಕೇಳುವವನಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಅಣ್ಣ ಹಾಳೆ ಕೆಳಗಿಟ್ಟ. “ನಾನೂ ಅದನ್ನೇ ಮಾಡ್ಬಹುದಲ್ಲ,” ಎಂದ.

“ಏನನ್ನ?”

“ಅವಳು ಹೇಗೆ ಅಂತ ಹೇಳೋದು ಬೇಡ. ಏನು ಮಾಡಿದ್ಲು ಅಂತ ಹೇಳಿದ್ರಾಯ್ತು. ಬೋರ್ಗಿ, ಆ ಪಾಲ್ಮರ್ ಆಸೆನ್ ವಿಷಯ ಏನದು, ನೀನು ಆಗ ಹೇಳಿದ್ದು?”

ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿರುವವರನ್ನು ನೋಡಲು ನಾನು ಗುರುವಾರ ಹೋಗುತ್ತೇನೆ. ನನಗೆ ಹೇಳುವುದಕ್ಕಿಂತ ಕೇಳುವುದು ಸುಲಭ, ಅಲ್ಲಿ ಅದೇ ಬೇಕಾದ ಕೆಲಸ. ಹಾಗೆ ಕಂಡದ್ದನ್ನು ಅವನಿಗೆ ಮತ್ತೆ ಹೇಳಿದೆ. ಅವನು ಕೇಳುತ್ತಾ ಬರೆದುಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಪತ್ರ ಮುಗಿಯಿತು. ಅದರಲ್ಲಿ ಒಂದೇ ಒಂದು ಹೊಗಳಿಕೆಯ ಮಾತಿರಲಿಲ್ಲ. ನನಗೆ ನೆನಪಿರುವಷ್ಟು ಬರೆಯುತ್ತೇನೆ.

‘ಆರ್ಡಿಸ್ ಕ್ವಾಮ್ಮೆ ಬೆಳಗಿನ ಪಾಳಿ ಮುಗಿಸಿ ತರಗತಿಗೆ ಬರುತ್ತಾಳೆ. ಓದಬೇಕಾದ ಪುಟಗಳನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ, ಹಾಸಿಗೆ ಬಟ್ಟೆ ಮಡಿಸುವ ಮೇಜಿನ ಮೇಲ್ಗಡೆ ಗೋಡೆಗೆ ಚುಚ್ಚಿಟ್ಟುಕೊಂಡು, ಮಡಿಸುತ್ತಾ ಓದುತ್ತಾಳೆ. ಅಲ್ಲಿಯ ಉಗಿಗೆ ಬರೀ ಕಾಗದ ತಡೆಯುವುದಿಲ್ಲ.

‘ಮಡಿಸಿದ ಬಟ್ಟೆಯನ್ನು ಕೋಣೆಗಳಿಗೆ ಒಯ್ಯುವಾಗ ಆ ಲಾವಣಿಗಳನ್ನು ಬಾಯಲ್ಲಿ ಹೇಳಿಕೊಂಡು ಹೋಗುತ್ತಾಳೆ. ಪಾಲ್ಮರ್ ಆಸೆನ್ ಎಂಬ ರೈತ ಪಾರ್ಶ್ವವಾಯು ಬಡಿದ ಮೇಲೆ ಮಾತಾಡಿಲ್ಲ. ಅವಳ ಪದ್ಯ ಕೇಳಿದಾಗ ಆತನ ಒಂದು ಬೆರಳು ಕಂಬಳಿಯ ಮೇಲೆ ತಾಳ ಹಾಕುವುದನ್ನು ಅವಳು ಕಂಡಳು. ಅಂದಿನಿಂದ ಕೆಲಸ ಮುಗಿದ ಮೇಲೆ ಅವನ ಹತ್ತಿರ ಕುಳಿತು ಓದಿದಳು. ಆತನ ಹೆಂಡತಿ ಬಂದು ಬಾಗಿಲಲ್ಲಿ ನಿಂತು ಆ ಬೆರಳನ್ನು ನೋಡುತ್ತಿದ್ದಳು. ಪ್ರಬಂಧ ಹುಟ್ಟಿದ್ದು ಆ ಕೋಣೆಯಲ್ಲಿ.

‘ಅವಳು ಅದನ್ನು ನಾಲ್ಕು ಸಲ ಬರೆದಳು. ಮೂರು ಸಲ ನಾನು ಹಿಂತಿರುಗಿಸಿದೆ. ನನ್ನ ಕೆಂಪು ಶಾಯಿಯ ಗುರುತುಗಳಿರುವ ಮೊದಲ ಮೂರು ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ನನ್ನ ಕೆಲವು ತಿದ್ದುಪಡಿಗಳನ್ನು ಅವಳು ಒಪ್ಪಲಿಲ್ಲ. ಈಗ ಓದಿದರೆ ಅವಳು ಒಪ್ಪದಿದ್ದದ್ದೇ ಸರಿ.

‘ಜೊತೆಯ ಹಾಳೆಯಲ್ಲಿ ನಡುವೆ ಎಂದು ಗುರುತು ಹಾಕಿದ್ದೆ. ನಮ್ಮೂರಿನಲ್ಲಿ ಯಾರನ್ನೂ ಬೇರೆ ಕಡೆ ನಿಲ್ಲಿಸುವುದಿಲ್ಲ. ಅದು ನಮ್ಮ ರೂಢಿ, ಅದಕ್ಕೆ ಅವಳನ್ನು ಹೊಣೆ ಮಾಡಬೇಡಿ. ನಾನು ನನ್ನ ತರಗತಿಯನ್ನು ಅವಳ ಕೈಗೆ ಒಪ್ಪಿಸಲು ಕಾಯುತ್ತಿದ್ದೇನೆ.’

ಕೊನೆಯ ಸಾಲು ಬರೆದು ಅವನು ಕನ್ನಡಕ ತೆಗೆದು ಒರೆಸಿಕೊಂಡ. ಕನ್ನಡಕಕ್ಕೆ ಏನೂ ಆಗಿರಲಿಲ್ಲ.

“ಧಾರಾಳ ಆಯ್ತಾ?” ಎಂದ.

“ಪರವಾಗಿಲ್ಲ,” ಎಂದೆ.

ಅಂಚೆಯನ್ನು ನಂಬಲು ಹೊತ್ತಿರಲಿಲ್ಲ. ವರ್ನ್ ಗುರುವಾರ ಯಂತ್ರದ ಬಿಡಿಭಾಗ ತರಲು ನಗರಕ್ಕೆ ಹೋಗುವವನಿದ್ದ. ಅವನ ಕೈಗೆ ಲಕೋಟೆ ಕೊಟ್ಟು, ಇಂಗ್ಲಿಷ್ ವಿಭಾಗದಲ್ಲಿ ಕೊಟ್ಟು ಬಾ, ಹೆಂಡತಿಗೆ ಹೇಳಬೇಡ ಎಂದೆವು. ವರ್ನ್ ಲಕೋಟೆಯ ಎರಡೂ ಬದಿ ನೋಡಿದ.

“ಒಳ್ಳೇದೋ ಕೆಟ್ಟದ್ದೋ?”

“ನಿಜ,” ಎಂದ ಅಣ್ಣ.

“ಹಾಗಾದ್ರೆ ಸರಿ,” ಎಂದು ವರ್ನ್ ಅದನ್ನು ಅಂಗಿಯೊಳಗೆ ಇಟ್ಟುಕೊಂಡ. ಅವನು ಅದನ್ನು ಪ್ರಾಧ್ಯಾಪಕಿಯ ಕೈಯಲ್ಲೇ ಕೊಟ್ಟನಂತೆ. ‘ತಾವು ಯಾರು’ ಎಂದು ಅವರು ಕೇಳಿದರೆ, “ಆ ಕಡೆ ಹೋಗ್ತಿದ್ದೆ,” ಎಂದಷ್ಟೇ ಹೇಳಿ ಬಂದನಂತೆ. ತನ್ನ ಹೆಂಡತಿಯ ಬಗ್ಗೆ ಒಂದು ಮಾತು ಸೇರಿಸಲು ಅವನಿಗೂ ಬಾಯಿ ಬರಲಿಲ್ಲ.

ಮಾರ್ಚಿನಲ್ಲಿ, ಹಿಮ ಕರಗಿ ಚರ್ಚಿನ ಅಂಗಳವೆಲ್ಲ ಕೆಸರಾಗಿದ್ದ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಕಾಫಿ ನಡೆದಿತ್ತು. ಆ ವಾರ ತಿಂಡಿಯ ಸರದಿ ಆರ್ಡಿಸ್‌ಳದು. ಖರ್ಜೂರ ತುಂಬಿ ಬೇಯಿಸಿ ಚೌಕವಾಗಿ ಕತ್ತರಿಸಿದ ಸಿಹಿ ಬಾರ್‌ಗಳನ್ನು ಮಾಡಿ ತಂದಿದ್ದಳು. ತಟ್ಟೆ ಹಿಡಿದುಕೊಂಡೇ ನಮ್ಮ ಮೇಜಿನ ಹತ್ತಿರ ಬಂದಳು.

“ಮೇಷ್ಟ್ರೇ, ಅವರು ತಗೊಂಡ್ರು,” ಎಂದಳು.

“ಯಾರು?”

“ವಿಶ್ವವಿದ್ಯಾಲಯದವರು. ನಿನ್ನೆ ಕಾಗದ ಬಂತು. ಸೆಪ್ಟೆಂಬರಿಂದ.”

“ಹಾಗಾ,” ಎಂದ ಅಣ್ಣ.

“ಈ ವರ್ಷ ಜನ ಕಡಿಮೆ ಬಂದಿರ್ಬೇಕು.”

ಎಂದಿನಂತಿದ್ದರೆ ಅಣ್ಣ ‘ಇರ್ಬೇಕು’ ಎನ್ನುತ್ತಿದ್ದ, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವನು ತಟ್ಟೆಯಿಂದ ಒಂದು ಬಾರ್ ತೆಗೆದುಕೊಂಡ. ಕಚ್ಚಿದ. ನಿಧಾನವಾಗಿ ಅಗಿದು ನುಂಗಿದ. ಆಮೇಲೆ, ಆ ನೆಲಮಾಳಿಗೆಯ ಅಷ್ಟೂ ಜನರ ನಡುವೆ, ಅವಳ ಮುಖ ನೋಡಿ ಹೇಳಿದ:

“ಆರ್ಡಿಸ್, ಇದು ತುಂಬಾ ಚೆನ್ನಾಗಿದೆ.”

ಪಕ್ಕದ ಮೇಜಿನಲ್ಲಿ ಡೆಲೋರಿಸ್ ಕಾಫಿ ಬಗ್ಗಿಸುತ್ತಿದ್ದವಳು ಹಾಗೆಯೇ ನಿಂತಳು. ಪಾದ್ರಿ ಎಲ್‌ರಾಯ್ ತಿರುಗಿ ನೋಡಿದರು. ಆರ್ಡಿಸ್‌ಳ ಮುಖ ಕುತ್ತಿಗೆಯಿಂದ ಹಣೆಯವರೆಗೆ ಕೆಂಪೇರಿತು. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ನನ್ನನ್ನು ಪಾತ್ರೆ ತೊಳೆಯುವ ಮೂಲೆಗೆ ಕರೆದುಕೊಂಡು ಹೋದಳು.

“ಅಕ್ಕಾ, ಮೇಷ್ಟ್ರಿಗೆ ಹುಷಾರಿಲ್ವಾ? ಡಾಕ್ಟ್ರು ಏನಾದ್ರೂ ಹೇಳಿದ್ರಾ?”

“ಏನಿಲ್ಲ ಕಣೇ. ಗಟ್ಟಿಯಾಗೇ ಇದಾನೆ.”

“ಮತ್ಯಾಕೆ ಹಾಗಂದ್ರು?”

“ಬಾರ್ ಚೆನ್ನಾಗಿತ್ತು, ಅದಕ್ಕೆ.”

ಅವಳು ಇನ್ನೂ ಅನುಮಾನದಿಂದ ಅವನತ್ತ ನೋಡಿದಳು. ಅಣ್ಣ ಎರಡನೆಯದನ್ನು ತಿನ್ನುತ್ತಿದ್ದ. ಅವಳು ಅಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ, ಬಿಡಿಸಿ, ಅಂಚಿಗೆ ಅಂಚು ಸೇರಿಸಿ ಮಡಿಸಿದಳು. ಮತ್ತೆ ಬಿಡಿಸಿ ಮತ್ತೆ ಮಡಿಸಿದಳು. ಅವಳ ಕೈ ಏನು ಮಾಡುತ್ತಿದೆ ಎಂಬುದನ್ನು ನಾನು ನೋಡುತ್ತಾ ನಿಂತೆ. ಉಳಿದದ್ದನ್ನು ಅವಳು ಹೇಳಬೇಕಾಗಿರಲಿಲ್ಲ.

ಎಂ.ಎ. ಮುಗಿಸಿ ಈಗ ಮಂಗಳವಾರದ ಆ ಕೋಣೆಯಲ್ಲಿ ಆರ್ಡಿಸ್ ಪಾಠ ಹೇಳುತ್ತಾಳೆ. ಅಣ್ಣ ಊರುಗೋಲು ಹಿಡಿದು ಹೋಗಿ, ಅವಳು ಕುಳಿತುಕೊಳ್ಳುತ್ತಿದ್ದ ಹಿಂದಿನ ಸಾಲಿನಲ್ಲಿ ಕುಳಿತು ಬರುತ್ತಾನೆ. ಪಾಠ ಹೇಗಿತ್ತು ಎಂದು ನಾನು ಪ್ರತಿ ಸಲ ಕೇಳುತ್ತೇನೆ.

“ನಮ್ಮದೇನೂ ತಕರಾರಿಲ್ಲ,” ಎನ್ನುತ್ತಾನೆ. ನಾನು ಆ ಮಾತಿಗೆ ದೇವರಿಗೆ ವಂದನೆ ಹೇಳಿ ದೀಪ ಆರಿಸುತ್ತೇನೆ.